ಹೊರಗುತ್ತಿಗೆಯ ಲಾಭ ಯಾರಿಗೆ, ನಷ್ಟ ಯಾರ ಪಾಲಿಗೆ? ತಂತ್ರಜ್ಞಾನ ನೌಕರರ ನಡುವೆ ಒಂದು ಚರ್ಚೆ

ತುಂಗಾತೀರ, ನ್ಯೂಜೆರ್ಸಿ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವನು. 2000ನೇ ಇಸವಿ ಹತ್ತಿರವಾದಂತೆ ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯ ಪ್ರೋಗ್ರಾಂಗಳಲ್ಲಿನ ದಿನಾಂಕಗಳನ್ನು ತಿದ್ದಲು ಅಮೆರಿಕಕ್ಕೆ ಜನ ಬೇಕಾಗಿದ್ದ ಕಾಲದಲ್ಲಿ ಇಲ್ಲಿಗೆ ಬಂದು, ಇಲ್ಲಿಯೇ ನೆಲೆ ನಿಂತು, ಪೌರತ್ವವನ್ನೂ ಪಡೆದೆ. ಬಹುಕಾಲದಿಂದ ಒಂದು ವಿಮಾ ಕಂಪನಿಯ ಮೇನ್‌ಫ್ರೇಮ್ (ದೊಡ್ಡ ಕೇಂದ್ರ ಕಂಪ್ಯೂಟರ್) ವಿಭಾಗದಲ್ಲಿದ್ದೇನೆ. ಕಳೆದ ತಿಂಗಳು ನಮ್ಮ ವಿಭಾಗದ ಕೆಲಸವನ್ನೆಲ್ಲ ಬೆಂಗಳೂರಿನ ಒಂದು ಸೇವಾ ಸಂಸ್ಥೆಗೆ ವಹಿಸುವುದಾಗಿ ನಮಗೆ ತಿಳಿಸಿದರು. ಆ ತಂಡಕ್ಕೆ ಕೆ.ಟಿ. (ನಾಲೆಜ್ ಟ್ರಾನ್ಸ್‌ಫರ್, ಅಂದರೆ ನಮ್ಮ ಕೆಲಸದ ತಿಳಿವಳಿಕೆಯನ್ನು ಹೇಳಿಕೊಡುವುದು) ಕೊಡುವುದೇ ಈಗ ನಮಗೆ ಉಳಿದಿರುವ ಕೆಲಸ. ಅದು ಮುಗಿದು, ಅವರ ಕಡೆಯಿಂದ ಒಪ್ಪಿಗೆಯ ಸಹಿ ಬಿದ್ದ ಮೇಲಷ್ಟೇ ಸೆವೆರೆನ್ಸ್ ಹಣ (ಕೆಲಸದಿಂದ ತೆಗೆಯುವಾಗ ಕೊಡುವ ಪರಿಹಾರ) ಕೊಡಲಾಗುವುದು ಎಂದು ಪತ್ರದಲ್ಲಿ ಬರೆದಿದ್ದಾರೆ.

ಕೆ.ಟಿ. ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೊರಗುತ್ತಿಗೆಯ ಬಗ್ಗೆ ಬರುವ ಲೇಖನಗಳಲ್ಲಿ ಈ ಭಾಗ ಕಾಣುವುದೇ ಇಲ್ಲ. ಮೊದಲ ಕೆಲವು ವಾರ ನಾವು ಕೆಲಸ ಮಾಡುತ್ತ ವಿವರಿಸುತ್ತೇವೆ, ಅವರು ನಮ್ಮ ಪರದೆಯನ್ನು ನೋಡುತ್ತಾರೆ, ಎಲ್ಲವೂ ರೆಕಾರ್ಡ್ ಆಗುತ್ತದೆ. ಆಮೇಲೆ ಅವರು ಮಾಡುತ್ತಾರೆ, ನಾವು ನೋಡುತ್ತೇವೆ. ತಿಂಗಳ ಕೊನೆಯ ರಾತ್ರಿ ಓಡುವ ಪ್ರೀಮಿಯಂ ಬ್ಯಾಚಿನಲ್ಲಿ (ಒಂದರ ಹಿಂದೊಂದು ತಾನಾಗಿ ಓಡುವ ಪ್ರೋಗ್ರಾಂಗಳ ಸಾಲು) ಮೂರನೆಯ ಜಾಬ್ ಆಗಾಗ ನಿಂತುಬಿಡುತ್ತದೆ. ಕೈಪಿಡಿಯಲ್ಲಿ ‘ಮತ್ತೆ ಓಡಿಸಿ’ ಎಂದಷ್ಟೇ ಇದೆ. ಆದರೆ ಬ್ಯಾಂಕಿನಿಂದ ಬರಬೇಕಾದ ಫೈಲು ಬಂದಿದೆಯೇ ಎಂದು ನೋಡದೆ ಅದನ್ನು ಓಡಿಸಿದರೆ, ಕಂತು ಕಟ್ಟಿದವರ ಪಾಲಿಸಿಗಳೂ ಬಾಕಿದಾರರ ಪಟ್ಟಿಗೆ ಸೇರಿ, ಮರುದಿನ ಬೆಳಿಗ್ಗೆ ಸಾವಿರಾರು ಮನೆಗಳಿಗೆ ರದ್ದತಿಯ ಪತ್ರ ಹೊರಡುತ್ತದೆ. ಇದು ಯಾವ ದಾಖಲೆಯಲ್ಲೂ ಇಲ್ಲ. ನನಗೆ ಗೊತ್ತಿದೆ, ನನ್ನ ಪಕ್ಕದಲ್ಲಿ ಕುಳಿತುಕೊಳ್ಳುವ, ನಿವೃತ್ತಿಯ ಅಂಚಿನಲ್ಲಿರುವ ಅಮೆರಿಕನ್ ಸಹೋದ್ಯೋಗಿಗೆ ಗೊತ್ತಿದೆ. ಮೊನ್ನೆ ಇದನ್ನು ಹೇಳಿಕೊಟ್ಟಾಗ ಆ ಕಡೆಯಿದ್ದ ಹುಡುಗಿ ಎರಡು ಸಲ ಕೇಳಿ ಬರೆದುಕೊಂಡಳು. ರೆಕಾರ್ಡಿಂಗ್ ನಿಂತ ಮೇಲೆ ಕನ್ನಡದಲ್ಲಿಯೇ, ತಾನು ಹಾಸನದವಳೆಂದೂ ಇದು ತನ್ನ ಮೊದಲ ಪ್ರಾಜೆಕ್ಟ್ ಎಂದೂ ಹೇಳಿದಳು.

ಅವಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆದರೆ ನನಗೂ ನನ್ನ ಸಹೋದ್ಯೋಗಿಗೂ ಅನ್ಯಾಯವಾಗುತ್ತಿದೆ ಎಂಬುದರಲ್ಲಿ ಅನುಮಾನವೂ ಇಲ್ಲ. ಇಬ್ಬರು ನೌಕರರ ನಡುವೆ ತಪ್ಪು ಯಾರದೂ ಅಲ್ಲದಿರುವಾಗ ಅನ್ಯಾಯ ಹುಟ್ಟಿದ್ದು ಎಲ್ಲಿ ಎಂಬುದೇ ನನ್ನ ಪ್ರಶ್ನೆ. ಬಲ್ಲವರು ಬರೆಯಬೇಕೆಂದು ಕೋರುತ್ತೇನೆ.

ಲೆಕ್ಕಿಗ, ಮೈಸೂರು

ತುಂಗಾತೀರ ಅವರಿಗೆ ನಮಸ್ಕಾರ. ಅರ್ಥಶಾಸ್ತ್ರ ಪಾಠ ಮಾಡುವವನಾಗಿ ಈ ಪ್ರಶ್ನೆಗೆ ನನ್ನ ಕಡೆಯಿಂದ ಉತ್ತರಿಸಲು ಪ್ರಯತ್ನಿಸುತ್ತೇನೆ.

2004ರ ಫೆಬ್ರವರಿಯಲ್ಲಿ, ಆಗ ಅಧ್ಯಕ್ಷ ಬುಷ್ ಅವರ ಆರ್ಥಿಕ ಸಲಹೆಗಾರರ ಮಂಡಳಿಯ ಮುಖ್ಯಸ್ಥರಾಗಿದ್ದ ಗ್ರೆಗರಿ ಮ್ಯಾನ್‌ಕಿವ್, ಹೊರಗುತ್ತಿಗೆಯು ಅಂತರರಾಷ್ಟ್ರೀಯ ವ್ಯಾಪಾರದ ಹೊಸ ರೂಪವಷ್ಟೇ, ದೀರ್ಘಕಾಲದಲ್ಲಿ ಅದರಿಂದ ಅಮೆರಿಕಕ್ಕೆ ಒಳ್ಳೆಯದೇ ಆಗುತ್ತದೆ ಎಂಬರ್ಥದ ಮಾತು ಆಡಿದ್ದರು. ಅದು ಚುನಾವಣೆಯ ವರ್ಷವಾಗಿದ್ದರಿಂದ ಎರಡೂ ಪಕ್ಷದವರು ಅವರ ಮೇಲೆ ಮುಗಿಬಿದ್ದರು. ಅದೇ ವರ್ಷ ಹೆಸರಾಂತ ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮ್ಯುಯೆಲ್ಸನ್, ತಮ್ಮ ಇಳಿವಯಸ್ಸಿನಲ್ಲಿ, ಬಡ ದೇಶವೊಂದು ಶ್ರೀಮಂತ ದೇಶದ ಪ್ರಾವೀಣ್ಯದ ಕ್ಷೇತ್ರದಲ್ಲಿಯೇ ಮುಂದೆ ಬಂದರೆ ಶ್ರೀಮಂತ ದೇಶಕ್ಕೆ ಒಟ್ಟಾರೆಯಾಗಿಯೇ ನಷ್ಟವಾಗಬಹುದು ಎಂದು ಲೆಕ್ಕ ಹಾಕಿ ತೋರಿಸಿದರು. ಮುಂದೆ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಅಲನ್ ಬ್ಲೈಂಡರ್, ತಂತಿಯ ಮೂಲಕ ಕಳುಹಿಸಬಹುದಾದ ಕೆಲಸ ಮತ್ತು ಎದುರಿಗಿದ್ದೇ ಮಾಡಬೇಕಾದ ಕೆಲಸ ಎಂಬ ಭೇದ ಓದಿನ ಮಟ್ಟವನ್ನು ಅವಲಂಬಿಸಿಲ್ಲ ಎಂದರು. ಕ್ಷೌರಿಕನ ಕೆಲಸ ದೇಶ ಬಿಟ್ಟು ಹೋಗದು. ಆದರೆ ಹೆಚ್ಚು ಓದಿದ ಪ್ರೋಗ್ರಾಮರನ ಕೆಲಸ ಹೋಗಬಹುದು. ಅಮೆರಿಕದ ಉದ್ಯೋಗಗಳಲ್ಲಿ ಶೇ. 22ರಿಂದ 29ರಷ್ಟು ಹೀಗೆ ಹೊರಹೋಗಬಲ್ಲ ಸ್ವರೂಪದವು ಎಂದು ಅವರು 2007ರಲ್ಲಿ ಅಂದಾಜಿಸಿದ್ದರು. ಅವೆಲ್ಲವೂ ಹೋಗಿಯೇ ತೀರುತ್ತವೆ ಎಂದು ಅವರು ಹೇಳಿರಲಿಲ್ಲ, ಹೋಗಿಯೂ ಇಲ್ಲ. ಇಂದು ಅಮೆರಿಕದಲ್ಲಿ ‘ಪ್ರೋಗ್ರಾಮರ್’ (ಕೊಟ್ಟ ವಿನ್ಯಾಸದಂತೆ ಕೋಡ್ ಬರೆಯುವವರು) ಎಂಬ ವರ್ಗದಲ್ಲಿ ಒಂದೂವರೆ ಲಕ್ಷಕ್ಕಿಂತ ಕಡಿಮೆ ಜನ ಉಳಿದಿದ್ದರೆ, ‘ಸಾಫ್ಟ್‌ವೇರ್ ಡೆವಲಪರ್’ (ವಿನ್ಯಾಸವನ್ನೂ ಮಾಡುವವರು) ಎಂಬ ವರ್ಗದಲ್ಲಿ 15 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ.

ಆದರೆ ಈ ಮೊತ್ತಗಳಿಂದ ತುಂಗಾತೀರ ಅವರ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ವ್ಯಾಪಾರದ ಸಿದ್ಧಾಂತ ಹೇಳುವುದು ಇಷ್ಟೇ: ಗೆದ್ದವರ ಲಾಭ ಸೋತವರ ನಷ್ಟಕ್ಕಿಂತ ಹೆಚ್ಚಿರುವುದರಿಂದ, ಸೋತವರ ನಷ್ಟವನ್ನು ತುಂಬಿಕೊಟ್ಟ ಮೇಲೂ ಗೆದ್ದವರ ಕೈಯಲ್ಲಿ ಏನಾದರೂ ಉಳಿಯುತ್ತದೆ. ತುಂಬಿಕೊಡಲು ಸಾಧ್ಯ ಎನ್ನುವ ಸಿದ್ಧಾಂತವನ್ನು ತುಂಬಿಕೊಟ್ಟಂತೆಯೇ ಎಂದು ಓದಿಕೊಂಡಿದ್ದು ನಮ್ಮ ಶಾಸ್ತ್ರದವರ ದೊಡ್ಡ ಲೋಪವೆಂದು ನಾನು ನಂಬಿದ್ದೇನೆ.

ಅಮೆರಿಕದಲ್ಲಿ ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ತರಬೇತಿ ಮತ್ತು ಭತ್ಯೆ ಕೊಡುವ ಯೋಜನೆಯೊಂದು 1962ರಿಂದಲೂ ಇತ್ತು. ಸಾಫ್ಟ್‌ವೇರ್ ನೌಕರರು ಅರ್ಜಿ ಹಾಕಿದಾಗ, ನೀವು ತಯಾರಿಸುವುದು ಸರಕಲ್ಲ ಎಂದು ಕಾರ್ಮಿಕ ಇಲಾಖೆ ತಿರಸ್ಕರಿಸಿತು. ಅದೇ ಪ್ರೋಗ್ರಾಂ ಸಿ.ಡಿ.ಯಲ್ಲಿ ಬಂದರೆ ಸರಕು, ತಂತಿಯ ಮೇಲೆ ಬಂದರೆ ಅಲ್ಲ ಎಂಬುದು ಇಲಾಖೆಯ ವಾದ. ನೌಕರರು ನ್ಯಾಯಾಲಯದಲ್ಲಿ ಹೋರಾಡಿದ ಮೇಲೆ 2006ರಲ್ಲಿ ಇಲಾಖೆ ನಿಲುವು ಬದಲಿಸಿತು. 2009ರ ಕಾನೂನು ಸೇವಾ ವಲಯದವರೆಲ್ಲರನ್ನೂ ಒಳಗೊಂಡಿತು. ಆದರೆ 2022ರ ಜುಲೈ 1ರಿಂದ ಆ ಯೋಜನೆಯಡಿ ಹೊಸ ಅರ್ಜಿಗಳಿಗೆ ಮಂಜೂರಾತಿಯೇ ನಿಂತುಹೋಗಿದೆ. ಅನ್ಯಾಯ ಹುಟ್ಟಿದ್ದು ಎಲ್ಲಿ ಎಂದರೆ, ನನ್ನ ಮಟ್ಟಿಗೆ, ಇಲ್ಲಿ. ಕೆಲಸ ಸಮುದ್ರ ದಾಟಿದ್ದರಲ್ಲಿ ಅದನ್ನು ನಾನು ಕಾಣುವುದಿಲ್ಲ.

ಸಂಜೆ ಪಾಳಿ, ವೈಟ್‌ಫೀಲ್ಡ್

ನಾನು ಕೆ.ಟಿ. ಪಡೆಯುವ ಕಡೆಯವಳು. ಮಧ್ಯಾಹ್ನ ಎರಡಕ್ಕೆ ಆರಂಭವಾಗಿ ರಾತ್ರಿ ಹನ್ನೊಂದಕ್ಕೆ ಮುಗಿಯುವ ಪಾಳಿಯಲ್ಲಿ ಅನೇಕ ವರ್ಷ ಕೆಲಸ ಮಾಡಿ, ಈಗ ತಂಡವೊಂದನ್ನು ನಡೆಸುತ್ತಿದ್ದೇನೆ. ಲೆಕ್ಕಿಗ ಅವರ ಮಾತಿಗೆ ಸೇರಿಸಬೇಕಾದ ಸಂಗತಿಯೊಂದಿದೆ: ‘ಗೆದ್ದವರು’ ಎಂದಾಗ ದಯವಿಟ್ಟು ಬೆಂಗಳೂರಿನ ನೌಕರರನ್ನೆಲ್ಲ ಆ ಪಟ್ಟಿಗೆ ಸೇರಿಸಬೇಡಿ.

ಇಂಥ ಗುತ್ತಿಗೆಯ ಲೆಕ್ಕ ಕುದುರುವುದು ತಂಡದ ರಚನೆಯ ಮೇಲೆ. ಮೇಲೆ ಒಬ್ಬರು ಅನುಭವಿ, ನಡುವೆ ಇಬ್ಬರು ಮೂವರು, ಕೆಳಗೆ ಉಳಿದವರೆಲ್ಲ ಹೊಸಬರು. ಹೊಸಬರ ವಾರ್ಷಿಕ ಸಂಬಳ ಹದಿನೈದು ವರ್ಷಗಳಿಂದ ಮೂರರಿಂದ ನಾಲ್ಕು ಲಕ್ಷ ರೂಪಾಯಿಯ ಆಸುಪಾಸಿನಲ್ಲಿಯೇ ನಿಂತಿದೆ. ಇಷ್ಟರಲ್ಲಿ ವೈಟ್‌ಫೀಲ್ಡ್, ಮಾರತ್ತಹಳ್ಳಿಯ ಪಿ.ಜಿ. ಬಾಡಿಗೆ ಎಷ್ಟಾಗಿದೆ ಎಂಬುದು ಇಲ್ಲಿರುವವರಿಗೆಲ್ಲ ಗೊತ್ತು. ಗ್ರಾಹಕ ಕಂಪನಿ ಪ್ರತಿ ನವೀಕರಣದಲ್ಲಿ ದರ ಇಳಿಸಲು ಕೇಳುತ್ತದೆ. ದರ ಇಳಿದರೆ ನಡುವಿನ ಸಂಬಳದವರನ್ನು ತೆಗೆದು ಇನ್ನಿಬ್ಬರು ಹೊಸಬರನ್ನು ಹಾಕಬೇಕಾಗುತ್ತದೆ. ಹೀಗೆ ನ್ಯೂಜೆರ್ಸಿಯಲ್ಲಿ ತುಂಗಾತೀರ ಅವರಿಗೆ ಆದದ್ದೇ, ಕೆಲವು ವರ್ಷ ತಡವಾಗಿ, ನಮ್ಮ ಮಹಡಿಯಲ್ಲಿ ಆಗುತ್ತದೆ. ಪ್ರಾಜೆಕ್ಟಿನಿಂದ ಬಿಡುಗಡೆ, ಆಮೇಲೆ ಬೆಂಚ್ (ಪ್ರಾಜೆಕ್ಟಿಲ್ಲದೆ ಕಾಯುವ ಸ್ಥಿತಿ), ಬೆಂಚಿನಲ್ಲಿ ಹೆಚ್ಚು ದಿನ ಉಳಿದರೆ ಎಚ್.ಆರ್. ಕರೆ. 2025ರ ಜುಲೈಯಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯ ಸುಮಾರು ಶೇ. 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಜನರನ್ನು ಕೈಬಿಡುವುದಾಗಿ ಪ್ರಕಟಿಸಿದಾಗ, ಅದರ ಹೊಡೆತ ಹೆಚ್ಚಾಗಿ ಬಿದ್ದದ್ದು ಮಧ್ಯಮ ಮತ್ತು ಹಿರಿಯ ಹಂತದವರ ಮೇಲೆ.

ಇನ್ನೊಂದು ಬದಲಾವಣೆಯೂ ಕಣ್ಣೆದುರಿಗೇ ನಡೆಯುತ್ತಿದೆ. ವಿದೇಶಿ ಕಂಪನಿಗಳು ಸೇವಾ ಸಂಸ್ಥೆಗಳನ್ನು ಬಿಟ್ಟು ಇಲ್ಲಿಯೇ ತಮ್ಮ ಸ್ವಂತ ಕೇಂದ್ರಗಳನ್ನು ತೆರೆಯುತ್ತಿವೆ. 2024ರ ವೇಳೆಗೆ ಭಾರತದಲ್ಲಿ ಇಂಥ 1,700ಕ್ಕೂ ಹೆಚ್ಚು ಜಿ.ಸಿ.ಸಿ.ಗಳಿದ್ದವು (ಗ್ಲೋಬಲ್ ಕೇಪಬಿಲಿಟಿ ಸೆಂಟರ್), ಸುಮಾರು 19 ಲಕ್ಷ ಜನ ಅವುಗಳಲ್ಲಿದ್ದರು. ಇನ್ನೂ 500 ಕೇಂದ್ರಗಳನ್ನು ತರುವ ಗುರಿಯಿಟ್ಟು ಕರ್ನಾಟಕ ಸರ್ಕಾರ ಅದೇ ವರ್ಷ ನೀತಿಯೊಂದನ್ನೂ ಪ್ರಕಟಿಸಿತು. ನಮ್ಮ ಒಬ್ಬ ಗ್ರಾಹಕರು ಹೀಗೆಯೇ ಹೊರವರ್ತುಲ ರಸ್ತೆಯಲ್ಲಿ ಕಚೇರಿ ತೆರೆದರು. ಅಮೆರಿಕದವರಿಂದ ನಾವು ಕಲಿತದ್ದನ್ನು ಅಲ್ಲಿನ ಹೊಸ ತಂಡಕ್ಕೆ ನಾವೇ ಕೆ.ಟಿ. ಕೊಟ್ಟು ಮುಗಿಸಿದೆವು. ನಮ್ಮಲ್ಲಿ ಕೆಲವರನ್ನು ಅವರು ಸೇರಿಸಿಕೊಂಡರು, ಉಳಿದವರು ಬೆಂಚಿಗೆ ಹೋದರು.

ಹೊಸಬ, ದಾವಣಗೆರೆ

ಹಿರಿಯರೆಲ್ಲರೂ ನಷ್ಟದ ಮಾತನ್ನೇ ಆಡುತ್ತಿರುವುದರಿಂದ ನಾನೊಂದು ಮಾತು ಹೇಳಬೇಕೆನಿಸಿತು. ನಾನು 2024ರಲ್ಲಿ ಇಂಜಿನಿಯರಿಂಗ್ ಮುಗಿಸಿದೆ. ಆಫರ್ ಲೆಟರ್ ಕೈಯಲ್ಲಿದೆ, ಸೇರುವ ದಿನಾಂಕ ಮಾತ್ರ ಮುಂದಕ್ಕೆ ಹೋಗುತ್ತಲೇ ಇದೆ. ನಮ್ಮ ತಂದೆ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ನಮ್ಮ ಮನೆಯಲ್ಲಿ ತಿಂಗಳ ಸಂಬಳದ ಜೊತೆಗೆ ಪಿ.ಎಫ್. ಮತ್ತು ವಿಮೆಯಿರುವ ಕೆಲಸಕ್ಕೆ ಸೇರುವವನು ನಾನೇ ಮೊದಲಿಗ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಉಪಗ್ರಹ ಸಂಪರ್ಕದ ಮೂಲಕ ವಿನ್ಯಾಸಗಳನ್ನು ಅಮೆರಿಕಕ್ಕೆ ಕಳುಹಿಸತೊಡಗಿದಂದಿನಿಂದ ಇಂದಿನವರೆಗೆ ಎಷ್ಟು ಊರುಗಳ, ಎಷ್ಟು ಮನೆಗಳ ಮಕ್ಕಳು ಹೀಗೆ ಮೇಲೆ ಬಂದಿದ್ದಾರೆ ಎಂಬುದನ್ನು ಮರೆಯಬಾರದು. ಅಮೆರಿಕದವರು ಇದನ್ನು ಕದ್ದ ಕೆಲಸ ಎನ್ನುವುದನ್ನು ಓದಿದಾಗ ಬಹಳ ನೋವಾಗುತ್ತದೆ.

ತುಂಗಾತೀರ, ನ್ಯೂಜೆರ್ಸಿ

ಹೊಸಬ ಅವರೇ, ನೀವು ಹೇಳಿದ್ದು ಸರಿಯಾಗಿದೆ, ನೀವು ಹೇಳಲೇಬೇಕಿತ್ತು. ಕದ್ದ ಕೆಲಸ ಎಂಬ ಮಾತನ್ನು ನಾನು ಎಂದೂ ಒಪ್ಪಿಲ್ಲ. ನಾನು ಇಲ್ಲಿಗೆ ಬಂದಾಗ ನನ್ನ ಬಗ್ಗೆಯೂ ಹಾಗೆ ಮಾತನಾಡಿದವರಿದ್ದರು. ನಿಮ್ಮ ಸೇರುವ ದಿನಾಂಕ ಮುಂದಕ್ಕೆ ಹೋಗುತ್ತಿರುವುದೂ ನನ್ನ ಪತ್ರದಲ್ಲಿರುವ ಷರತ್ತೂ ಒಂದೇ ಮೂಲದಿಂದ ಬಂದವು ಎಂದು ನನಗನಿಸುತ್ತದೆ. ಮಾರುಕಟ್ಟೆ ಏರಿಳಿದಾಗ ಅದರ ಭಾರವನ್ನು ನೌಕರನೇ ಹೊರಬೇಕು ಎಂಬುದು ಎರಡೂ ದೇಶಗಳಲ್ಲಿ ಗುತ್ತಿಗೆ ಬರೆಯುವವರ ಮೊದಲ ನಿಯಮವಾಗಿಬಿಟ್ಟಿದೆ.

ಇಲ್ಲಿನ ಕಾನೂನುಗಳ ಒಳಹೊರಗನ್ನು ಬಲ್ಲವರು ಯಾರಾದರೂ ಇದ್ದರೆ ಬರೆಯಿರಿ.

ಅಗ್ರಹಾರದವ, ಆಸ್ಟಿನ್

ನಾನು ಎಚ್-1ಬಿ ವೀಸಾದಲ್ಲಿ, ಅಂದರೆ ಪರಿಣತ ವಿದೇಶಿ ನೌಕರರಿಗೆ ಅಮೆರಿಕ ಕೊಡುವ ತಾತ್ಕಾಲಿಕ ಕೆಲಸದ ವೀಸಾದಲ್ಲಿ, ಇರುವವನು. ಹಾಗಾಗಿ ಈ ಕಾನೂನುಗಳನ್ನು ಬಿಡುವಿನ ಓದಾಗಿ ಓದಿದವನಲ್ಲ, ಮನೆಯವರ ಸಲುವಾಗಿ ಓದಿದವನು. ಕೆಲಸ ಹೋದರೆ ನಮಗೆ ಇರುವ ಗಡುವು 60 ದಿನ. ಅಷ್ಟರಲ್ಲಿ ಹೊಸ ಕೆಲಸ ಸಿಗದಿದ್ದರೆ ಮಕ್ಕಳನ್ನು ಶಾಲೆಯಿಂದ ಬಿಡಿಸಿ ಊರಿಗೆ ಹೊರಡಬೇಕು. ಗ್ರೀನ್ ಕಾರ್ಡಿನಲ್ಲಿ (ಕಾಯಂ ವಾಸದ ಪರವಾನಗಿ) ಒಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ ಭಾರತೀಯರ ಸರದಿ ದಶಕಗಳಷ್ಟು ಉದ್ದವಾಗಿದೆ. ತುಂಗಾತೀರ ಅವರ ಕಂಪನಿಯಂಥವರು ಕೆಲಸವನ್ನು ಹೊರಗೆ ಕಳುಹಿಸಿದಾಗ ಪಕ್ಕದ ಕುರ್ಚಿಯಲ್ಲಿದ್ದ ವೀಸಾದವರೂ ಬೀದಿಗೆ ಬೀಳುತ್ತಾರೆ. ಈ ಮಾತು ಇಲ್ಲಿನ ರಾಜಕೀಯ ಭಾಷಣಗಳಲ್ಲಿ ಎಂದೂ ಬರುವುದಿಲ್ಲ.

ಕಾನೂನಿನಲ್ಲಿ ತೂತು ಎಲ್ಲಿದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಸಿಬ್ಬಂದಿಯಲ್ಲಿ ಗಣನೀಯ ಪಾಲು ಎಚ್-1ಬಿಯವರಿರುವ ಸಂಸ್ಥೆಗಳು, ಅಮೆರಿಕದ ನೌಕರರನ್ನು ಸ್ಥಾನಪಲ್ಲಟ ಮಾಡುವುದಿಲ್ಲವೆಂದು ಮುಚ್ಚಳಿಕೆ ಕೊಡಬೇಕು ಎಂಬ ನಿಯಮ 1998ರಲ್ಲಿಯೇ ಬಂತು. ಆದರೆ ವೀಸಾದವರಿಗೆ ವರ್ಷಕ್ಕೆ 60 ಸಾವಿರ ಡಾಲರ್ ಸಂಬಳ ಕೊಟ್ಟರೆ ಆ ಮುಚ್ಚಳಿಕೆಯಿಂದ ವಿನಾಯಿತಿ. ಅಂದು ಅದು ಒಳ್ಳೆಯ ಸಂಬಳವಾಗಿತ್ತು. ಇಂದು ಇಲ್ಲಿ ಡೆವಲಪರೊಬ್ಬರ ಮಧ್ಯಮ ಸಂಬಳ ಒಂದು ಲಕ್ಷ 30 ಸಾವಿರ ಡಾಲರ್ ದಾಟಿದೆ, ಆದರೆ ಆ 60 ಸಾವಿರದ ಅಂಕೆ ಹಾಗೆಯೇ ಇದೆ. ಫ್ಲಾರಿಡಾದ ಒರ್ಲಾಂಡೊದಲ್ಲಿ ಡಿಸ್ನಿ ಸುಮಾರು 250 ತಂತ್ರಜ್ಞಾನ ನೌಕರರಿಗೆ ತಮ್ಮ ಸ್ಥಾನಕ್ಕೆ ಬರುವವರನ್ನು ತರಬೇತುಗೊಳಿಸಿ ಹೊರಡಲು ಹೇಳಿದ್ದು 2015ರಲ್ಲಿ ದೊಡ್ಡ ಸುದ್ದಿಯಾಯಿತು. ಅವರಲ್ಲಿ ಕೆಲವರು ಹೂಡಿದ ದಾವೆಗಳನ್ನು 2016ರ ಅಕ್ಟೋಬರಿನಲ್ಲಿ ನ್ಯಾಯಾಲಯ ವಜಾ ಮಾಡಿತು. ಅಂದರೆ ಅಲ್ಲಿ ನಡೆದದ್ದು ಕಾನೂನಿನ ಚೌಕಟ್ಟಿನೊಳಗೇ ನಡೆಯಬಹುದಾದ ಸಂಗತಿಯಾಗಿತ್ತು.

ಈಗಿನ ಕ್ರಮಗಳು ರೋಗಕ್ಕೆ ಮದ್ದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸಿದರು. ಇಲ್ಲಿಗೆ ಬಂದು ಇಲ್ಲಿನ ತೆರಿಗೆ ಕಟ್ಟುತ್ತಿದ್ದ ಇಂಜಿನಿಯರನ ದಾರಿ ಮುಚ್ಚಿದರೆ ಆ ಕೆಲಸ ಸಂಜೆ ಪಾಳಿ ಅವರು ಹೇಳಿದ ಹೊರವರ್ತುಲ ರಸ್ತೆಯ ಕೇಂದ್ರಕ್ಕೆ ಹೋಗುವುದೇ ಹೆಚ್ಚು ಸಂಭವ. ವಿದೇಶಕ್ಕೆ ಕೊಡುವ ಹೊರಗುತ್ತಿಗೆ ಹಣದ ಮೇಲೆ ಶೇ. 25 ತೆರಿಗೆ ಹಾಕುವ ಮಸೂದೆಯೊಂದನ್ನು ಅದೇ ತಿಂಗಳು ಸೆನೆಟರ್ ಬರ್ನಿ ಮೊರೆನೊ ಮಂಡಿಸಿದರು. ಕೆಲಸ ಕಳೆದುಕೊಂಡವರ ತರಬೇತಿಗೆ ಆ ತೆರಿಗೆಯ ಹಣವನ್ನು ಬಳಸಬೇಕೆಂಬ ಆಶಯ ಅದರಲ್ಲಿದೆ. ಶೇ. 25 ಅತಿಯಾಯಿತು ಎನ್ನಬಹುದು, ಆದರೆ ಉಳಿತಾಯ ಮಾಡಿದವನಿಂದಲೇ ಪರಿಹಾರದ ಹಣ ಬರಬೇಕೆಂಬ ವಿಚಾರವನ್ನು ಭಾರತೀಯರಾದ ನಾವು ಸಾರಾಸಗಟಾಗಿ ತಳ್ಳಿಹಾಕಬಾರದು.

ಸಂಘಟಕ, ಬೆಂಗಳೂರು

ನೌಕರ ಸಂಘದಲ್ಲಿ ತೊಡಗಿಕೊಂಡವನಾಗಿ ಇಲ್ಲಿನ ಪರಿಸ್ಥಿತಿಯನ್ನು ಬರೆಯುತ್ತೇನೆ. ಕರ್ನಾಟಕದಲ್ಲಿ ಐಟಿ ಸಂಸ್ಥೆಗಳಿಗೆ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಮತ್ತೆ ಮತ್ತೆ ವಿನಾಯಿತಿ ಸಿಗುತ್ತ ಬಂತು. 2024ರಲ್ಲಿಯೂ ಅದನ್ನು ಮುಂದುವರಿಸಿದರು. ಕೆಲಸದ ಷರತ್ತುಗಳನ್ನು ಲಿಖಿತವಾಗಿ ಪ್ರಮಾಣೀಕರಿಸಬೇಕೆಂಬ ಕನಿಷ್ಠ ಶಿಸ್ತಿನಿಂದಲೂ ಈ ಉದ್ಯಮ ಹೀಗೆ ಹೊರಗುಳಿಯಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ, ಕೆಲಸದಿಂದ ತೆಗೆದ ಕಾರ್ಮಿಕನಿಗೆ ಕೊಡಬೇಕಾದ ಪರಿಹಾರದ ಜೊತೆಗೆ, ಮಾಲೀಕರು ತುಂಬುವ ಮರುಕೌಶಲ ನಿಧಿಯಿಂದ 15 ದಿನಗಳ ವೇತನವನ್ನೂ ಕೊಡಬೇಕೆಂದಿದೆ. ಮೊತ್ತ ಚಿಕ್ಕದು, ಆದರೆ ತತ್ತ್ವ ಸರಿಯಾದದ್ದು.

ಈ ಯಾವುದೂ ಕೈಗೆ ಬರದಿರಲು ಒಂದೇ ಹಾಳೆ ಸಾಕು, ಅದು ರಾಜೀನಾಮೆ ಪತ್ರ. ಇಲ್ಲಿ ಬಹುಪಾಲು ಜನರನ್ನು ‘ತೆಗೆಯುವುದೇ’ ಇಲ್ಲ. ಕೊಠಡಿಗೆ ಕರೆದು, ರಾಜೀನಾಮೆ ಕೊಟ್ಟರೆ ರಿಲೀವಿಂಗ್ ಲೆಟರ್ ಒಳ್ಳೆಯದಾಗಿ ಬರುತ್ತದೆ, ಇಲ್ಲದಿದ್ದರೆ ಮುಂದೆ ಎಲ್ಲಿಯೂ ಕೆಲಸ ಸಿಗದು ಎಂದು ಒತ್ತಡ ಹಾಕುತ್ತಾರೆ. ಅಂಥ ಕೊಠಡಿಯಲ್ಲಿ ಕುಳಿತವರಿಗೆ ನಾನು ಹೇಳುವುದಿಷ್ಟೇ: ಅಲ್ಲಿಯೇ ಸಹಿ ಹಾಕಬೇಡಿ, ಸಮಯ ಕೇಳಿ, ಅವರು ಹೇಳಿದ್ದನ್ನು ಅದೇ ದಿನ ಇ-ಮೇಲಿನಲ್ಲಿ ಅವರಿಗೇ ಬರೆದು ಕಳುಹಿಸಿ, ಕಾರ್ಮಿಕ ಇಲಾಖೆಗೆ ದೂರು ಕೊಡಿ. ನಿಮ್ಮ ಹುದ್ದೆಯ ಹೆಸರಿನಲ್ಲಿ ‘ಮ್ಯಾನೇಜರ್’ ಎಂದಿದ್ದರೂ ಹೆದರಬೇಕಾಗಿಲ್ಲ. ನೀವು ನಿಜವಾಗಿ ಮಾಡುತ್ತಿದ್ದ ಕೆಲಸವೇನು ಎಂಬುದನ್ನು ನೋಡಿ ಕಾರ್ಮಿಕರೋ ಅಲ್ಲವೋ ಎಂದು ತೀರ್ಮಾನಿಸಬೇಕು ಎಂಬುದನ್ನು ನಮ್ಮ ನ್ಯಾಯಾಲಯಗಳು ಬಹುಕಾಲದಿಂದ ಹೇಳುತ್ತ ಬಂದಿವೆ.

ಕಾವೇರಿಕೊಳ್ಳ, ಎಡಿಸನ್

ತುಂಗಾತೀರ ಅವರ ಮೊದಲ ಬರಹದಲ್ಲಿನ ಒಂದು ವಾಕ್ಯದ ಬಗ್ಗೆ ಯಾರೂ ಬರೆದಿಲ್ಲ. ಕೆ.ಟಿ. ಮುಗಿಸಿದರೆ ಮಾತ್ರ ಸೆವೆರೆನ್ಸ್ ಎಂಬ ಷರತ್ತು ಬೇರೆ ರಾಜ್ಯಗಳಲ್ಲಿ ನಡೆದೀತು, ನಮ್ಮ ನ್ಯೂಜೆರ್ಸಿಯಲ್ಲಿ ಪೂರ್ತಿಯಾಗಿ ನಡೆಯುವುದಿಲ್ಲ. 100 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯು ರಾಜ್ಯದಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಜನರನ್ನು ಸಾಮೂಹಿಕವಾಗಿ ತೆಗೆಯುವುದಾದರೆ, 90 ದಿನ ಮೊದಲು ನೋಟಿಸು ಕೊಡಬೇಕು ಮತ್ತು ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ ಒಂದು ವಾರದ ಸಂಬಳವನ್ನು ಸೆವೆರೆನ್ಸ್ ಆಗಿ ಕೊಡಲೇಬೇಕು ಎಂಬ ನಿಯಮ 2023ರ ಏಪ್ರಿಲ್ 10ರಿಂದ ಇಲ್ಲಿ ಜಾರಿಯಲ್ಲಿದೆ. ಕೇಂದ್ರದ ಕಾನೂನಿನಲ್ಲಿ ಇರುವುದು 60 ದಿನದ ನೋಟಿಸಷ್ಟೇ, ಸೆವೆರೆನ್ಸಿನ ಮಾತಿಲ್ಲ. ರಾಜ್ಯದ ಕಾನೂನು ಕೊಡುವ ಈ ಹಕ್ಕನ್ನು ರಾಜ್ಯದ ಕಾರ್ಮಿಕ ಇಲಾಖೆಯ ಅಥವಾ ನ್ಯಾಯಾಲಯದ ಒಪ್ಪಿಗೆಯಿಲ್ಲದೆ ನೌಕರರು ಬಿಟ್ಟುಕೊಡುವಂತೆಯೂ ಇಲ್ಲ. ಅದರ ಮೇಲೆ ಕೊಡುವ ಹೆಚ್ಚುವರಿ ಹಣಕ್ಕೆ ಮಾತ್ರ ಕಂಪನಿಯು ಷರತ್ತು ಹಾಕಬಹುದು.

ಇನ್ನೊಂದು ಸಂಗತಿ. ನಿಮಗೂ ನಿಮ್ಮ ಸಹೋದ್ಯೋಗಿಗೂ 40 ದಾಟಿದೆ ಎಂದುಕೊಂಡಿದ್ದೇನೆ. ಗುಂಪಾಗಿ ತೆಗೆಯುವಾಗ, ದಾವೆ ಹೂಡುವುದಿಲ್ಲವೆಂಬ ಪತ್ರಕ್ಕೆ 40 ದಾಟಿದವರ ಸಹಿ ಕೇಳಿದರೆ, ಯೋಚಿಸಲು 45 ದಿನ ಕೊಡಬೇಕು, ಸಹಿ ಹಾಕಿದ ಮೇಲೂ ಹಿಂತೆಗೆದುಕೊಳ್ಳಲು ಏಳು ದಿನ ಕೊಡಬೇಕು. ಯಾವ ಹುದ್ದೆಯ, ಯಾವ ವಯಸ್ಸಿನ ಎಷ್ಟು ಜನರನ್ನು ತೆಗೆದರು, ಎಷ್ಟು ಜನರನ್ನು ಉಳಿಸಿಕೊಂಡರು ಎಂಬ ಪಟ್ಟಿಯನ್ನೂ ಆ ಪತ್ರದ ಜೊತೆಗೆ ಲಗತ್ತಿಸಿರಬೇಕು. ಆ ಪಟ್ಟಿಯನ್ನು ಮೊದಲು ಓದಿ, ಆಮೇಲೆ ಉದ್ಯೋಗ ಕಾನೂನಿನ ವಕೀಲರೊಬ್ಬರನ್ನು ಕಾಣಿ.

ತುಂಗಾತೀರ, ನ್ಯೂಜೆರ್ಸಿ

ಕಾವೇರಿಕೊಳ್ಳ ಅವರಿಗೆ ಹೃತ್ಪೂರ್ವಕ ಧನ್ಯವಾದಗಳು. ಪತ್ರವನ್ನು ಮತ್ತೆ ತೆಗೆದು ಓದಿದೆ. ಕಾನೂನಿನಂತೆ ಬರಬೇಕಾದ ಹಣ ಯಾವುದು, ಹೆಚ್ಚುವರಿ ಯಾವುದು ಎಂದು ಅದರಲ್ಲಿ ಬೇರ್ಪಡಿಸಿಯೇ ಇಲ್ಲ. ವಯಸ್ಸಿನ ಪಟ್ಟಿಯೂ ಇಲ್ಲ. ನಮ್ಮ ವಿಭಾಗದ ಜೊತೆಗೆ ಕ್ಲೇಮ್ಸ್ ವಿಭಾಗವನ್ನೂ ಸೇರಿಸಿದರೆ ತೆಗೆಯುತ್ತಿರುವವರ ಸಂಖ್ಯೆ 50ನ್ನು ದಾಟುತ್ತದೆ. ಇದನ್ನೆಲ್ಲ ನನ್ನ ಸಹೋದ್ಯೋಗಿಗೆ ಹೇಳಿದ್ದೇನೆ. ಎರಡೂ ವಿಭಾಗದವರು ಸೇರಿ ಒಬ್ಬ ವಕೀಲರನ್ನು ಗೊತ್ತು ಮಾಡುತ್ತಿದ್ದೇವೆ. ಅವರ ಉತ್ತರ ಬರುವವರೆಗೆ ಯಾರೂ ಸಹಿ ಹಾಕಬಾರದೆಂದು ತೀರ್ಮಾನಿಸಿದ್ದೇವೆ.

ಕೆ.ಟಿ.ಯನ್ನು ಮಾತ್ರ ನಿಲ್ಲಿಸುವುದಿಲ್ಲ. ಆ ಮೂರನೆಯ ಜಾಬಿನ ವಿವರವನ್ನೂ ಅಂಥ ಇನ್ನಷ್ಟು ಸಂಗತಿಗಳನ್ನೂ ಪೂರ್ತಿಯಾಗಿ ಬರೆದು ಕೊಡುತ್ತಿದ್ದೇನೆ. ಕಂತು ಕಟ್ಟಿದವರ ಪಾಲಿಸಿ ರದ್ದಾಗಬಾರದು, ಹಾಸನದ ಆ ಹುಡುಗಿಯ ಮೊದಲ ತಿಂಗಳ ಕೊನೆಯ ರಾತ್ರಿಯೂ ಕೆಡಬಾರದು. ವಕೀಲರು ಹೇಳಿದ್ದನ್ನು ಮುಂದಿನ ವಾರ ಇಲ್ಲಿಯೇ ಬರೆಯುತ್ತೇನೆ.